ಲಾರಿ ಟ್ಯೂಬಿನ ಕನ್ನಡಕ

ಈಗ ಬೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಮೊನ್ನೆ ಅಂಗಡಿಯಿಂದ ತಂದ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ತೂಕ, ಬೆಲೆ, ತಂಪಾದ ಜಾಗದಲ್ಲಿಡಿ ಎಂಬ ಉಪದೇಶ, ಓದಲು ಇಷ್ಟೇ. ನೋಡಿ ನನಗೆ ಸಿಟ್ಟೇ ಬಂತು. ನಿಮಗೆ ನಗು ಬರಬಹುದು. ಆದರೆ ನಾನು ಓದು ಕಲಿತದ್ದು ಅರ್ಧ ಶಾಲೆಯಲ್ಲಿ, ಇನ್ನರ್ಧ ಬೆಲ್ಲ, ಬೇಳೆ, ಪುಟಾಣಿ ಕಡಲೆ ಕಟ್ಟಿಕೊಟ್ಟ ಕಾಗದಗಳಲ್ಲಿ. ಎಪ್ಪತ್ತರ ದಶಕದಲ್ಲಿ ಯಲಬುರ್ಗಾ ತಾಲೂಕಿನ ನಮ್ಮ ಊರಿಗೆ ಪೇಪರು ಬರುತ್ತಿದ್ದುದೇ ಹೀಗೆ, ಚೂರುಚೂರಾಗಿ, ಪೊಟ್ಟಣದ ರೂಪದಲ್ಲಿ. ಒಂದು ಕಥೆಯ ಆರಂಭ ಪುಟಾಣಿಯ ಜೊತೆ ಬಂದರೆ ಅದರ ಕೊನೆ ಬರುತ್ತದೆಂಬ ಭರವಸೆ ಇರಲಿಲ್ಲ. ಎಷ್ಟೋ ನಾಯಕಿಯರನ್ನು ನಾನು ಅರ್ಧ ದಾರಿಯಲ್ಲೇ ಬಿಟ್ಟು ಬಂದಿದ್ದೇನೆ. ಅವರ ಮದುವೆಯಾಯಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಚಿತ್ರವಿದ್ದ ಕಾಗದವನ್ನು ಅವಳು ಎಸೆಯುತ್ತಿರಲಿಲ್ಲ. ತೊಡೆಯ ಮೇಲೆ ಹಾಕಿ ಅಂಗೈಯಿಂದ ತೀಡಿ, ಹಾಸಿಗೆಯ ಕೆಳಗಿಟ್ಟು ಇಸ್ತ್ರಿ ಮಾಡುತ್ತಿದ್ದಳು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಮಂತ್ರಿಗಳ ಮೇಲೆ, ಸೋಪಿನ ಜಾಹೀರಾತಿನ ಹುಡುಗಿಯರ ಮೇಲೆ ಮಲಗಿ ಬೆಳೆದವರು.

ಇದೆಲ್ಲ ಯಾಕೆ ಹೇಳಿದೆನೆಂದರೆ, ನನ್ನ ಸಮುದ್ರವೂ ಬೆಲ್ಲದ ಜೊತೆಗೇ ಬಂತು. ಎಂಬತ್ತರ ದಶಕದ ಒಂದು ಚಳಿಗಾಲ. ನಾನಾಗ ಮರಳಿ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ, ಗಂಗಾವತಿಯಲ್ಲಿ ಬಾಡಿಗೆ ಮನೆ, ಜೊತೆಗೆ ಅವ್ವ. ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಅಣ್ಣ ಕೊಪ್ಪಳದಲ್ಲಿ ಗುಮಾಸ್ತ, ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಇದ್ದ. ನನಗಿನ್ನೂ ಮದುವೆಯಾಗಿರಲಿಲ್ಲ. ಅದರ ಚಿಂತೆ ನನ್ನೊಬ್ಬಳನ್ನು ಬಿಟ್ಟು ಉಳಿದೆಲ್ಲರಿಗೂ ಇತ್ತು.

ಪೊಟ್ಟಣ ಬಿಚ್ಚಿದರೆ ಬಣ್ಣದ ಚಿತ್ರ. ನೀಲಿ ನೀರಿನ ತಳದಲ್ಲಿ ಕೆಂಪು, ಹಳದಿ, ನೇರಳೆ ಪೊದೆಗಳು, ನಡುವೆ ಪಟ್ಟೆಪಟ್ಟೆ ಮೀನುಗಳು. ಅದರ ಮೇಲೆ ಕಣ್ಣಿಗೆ ಗಾಜು ಕಟ್ಟಿಕೊಂಡು, ಬಾಯಿಗೊಂದು ನಳಿಗೆ ಸಿಕ್ಕಿಸಿಕೊಂಡು ತೇಲುತ್ತಿರುವ ಒಬ್ಬ ಹೆಂಗಸು. ಕೆಳಗಿನ ಬರಹದಲ್ಲಿ ಅರ್ಧ ಬೆಲ್ಲಕ್ಕಂಟಿ ಹರಿದುಹೋಗಿತ್ತು. ಉಳಿದ ಅರ್ಧದಲ್ಲಿ, ಇವು ಗಿಡಗಳಲ್ಲ, ಹವಳದ ಜೀವಿಗಳು ಕಟ್ಟಿದ ದಿಬ್ಬಗಳು, ಚಳಿಗಾಲದಲ್ಲಿ ಸಮುದ್ರ ಶಾಂತವಾಗಿ ನೀರು ತಿಳಿಯಾಗಿರುವುದರಿಂದ ನೋಡಲು ಅದೇ ಸರಿಯಾದ ಕಾಲ ಎಂದಿತ್ತು. ಎಚ್ಚರಿಕೆಯ ಮಾತುಗಳೆಲ್ಲ ಹರಿದುಹೋದ ಭಾಗದಲ್ಲಿದ್ದವೇನೋ. ನಾವು ಅವನ್ನು ಬೆಲ್ಲದ ಜೊತೆ ಚಹಾಕ್ಕೆ ಹಾಕಿ ಕುಡಿದುಬಿಟ್ಟೆವು.

ಅವ್ವ ಕಾಗದ ತೀಡುತ್ತಾ ಬಹಳ ಹೊತ್ತು ನೋಡಿದಳು.

"ಈಕಿ ಬೆನ್ನಿಗೆ ಸೋರಿಬುರುಡಿ ಕಟಗೊಂಡಿಲ್ಲಲ್ಲ?"

"ಇಲ್ಲವಾ. ಬರೇ ತೇಲತಾಳ."

"ನಾನೂ ಹಂಗ ತೇಲತಿದ್ದೆ," ಎಂದಳು.

ಹಾಗೆ ನನಗೆ ಗೊತ್ತಾಯಿತು, ನನ್ನ ತಾಯಿಗೆ ಈಜು ಬರುತ್ತದೆಂದು! ಅಷ್ಟು ವರ್ಷ ಒಂದೇ ತಾಟಿನಲ್ಲಿ ಉಂಡರೂ ಗೊತ್ತಿರಲಿಲ್ಲ. ಅವಳ ಅಪ್ಪನ ತೋಟದಲ್ಲೊಂದು ದೊಡ್ಡ ಬಾವಿ. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ಅಜ್ಜ ಅವಳನ್ನು ನೀರಿಗೆ ಬಿಟ್ಟಿದ್ದನಂತೆ. ಆಮೇಲೆ ಬುರುಡೆ ಬಿಚ್ಚಿ, ತಮ್ಮಂದಿರಿಗಿಂತ ಹೆಚ್ಚು ಹೊತ್ತು ತಳದಲ್ಲಿ ಕೂತು ಬರುತ್ತಿದ್ದಳಂತೆ. ಹದಿನಾಲ್ಕಕ್ಕೆ ಮದುವೆ. ಗಂಡನ ಊರಿನಲ್ಲಿ ಮೊದಲ ಬೇಸಿಗೆಯ ಒಂದು ಮಧ್ಯಾಹ್ನ, ಬಟ್ಟೆ ಒಗೆಯಲು ಹೋದವಳು ಸೆಕೆ ತಾಳಲಾರದೆ ಧಡಕ್ಕನೆ ಬಾವಿಗೆ ಹಾರಿದಳು.

ಮುಂದಿನದನ್ನು ಊಹಿಸಲು ನೀವು ನಮ್ಮ ಕಡೆಯವರಾಗಿರಬೇಕು. ಹೊಸ ಸೊಸೆ ಬಾವಿಗೆ ಹಾರಿದರೆ ನಮ್ಮ ಕಡೆ ಅದಕ್ಕಿರುವುದು ಒಂದೇ ಅರ್ಥ. ಊರಿಗೂರೇ ಓಡಿ ಬಂತು. ಹಗ್ಗ ಇಳಿಬಿಟ್ಟರು, ಇಬ್ಬರು ಗಂಡಸರು ಧುಮುಕಿದರು. ಒಳಗೆ ಅವ್ವ ಅಂಗಾತ ತೇಲುತ್ತಾ ಆಕಾಶ ನೋಡುತ್ತಿದ್ದಳು. ಮೇಲೆಳೆದಾಗ ನಗುತ್ತಿದ್ದಳಂತೆ, ಅದೇ ದೊಡ್ಡ ತಪ್ಪಾಯಿತು. ಸಾಯಲು ಹಾರಿದ್ದಾಳೆಂದುಕೊಂಡಿದ್ದರೆ ಮನೆಯವರಿಗೆ ಬರೀ ಕೆಟ್ಟ ಹೆಸರು ಬರುತ್ತಿತ್ತು. ಖುಷಿಗೆ ಹಾರಿದ್ದಾಳೆಂದ ಮೇಲೆ ಅವಳಿಗೆ ತಲೆ ಸರಿಯಿಲ್ಲವೆಂದೇ ಆಯಿತು. ಅತ್ತೆ ಅವಳನ್ನು ಒದ್ದೆ ಸೀರೆಯಲ್ಲೇ ಮನೆದೇವರ ಮುಂದೆ ನಿಲ್ಲಿಸಿ, ಇನ್ನು ಯಾವ ಬಾವಿಗೂ ಇಳಿಯುವುದಿಲ್ಲವೆಂದು ಆಣೆ ಮಾಡಿಸಿದಳು. ಅಲ್ಲಿಗೆ ಅವ್ವನ ಈಜು ಮುಗಿಯಿತು. ಅಲ್ಲಿಂದ ಮುಂದೆ ಅವಳು ಬಾಣಂತನಕ್ಕೆ, ಶಾವಿಗೆ ಹೊಸೆಯಲು, ಉಪ್ಪಿನಕಾಯಿ ಹಾಕಲು, ಜಡ್ಡು ಬಿದ್ದವರ ಪಕ್ಕ ಕೂರಲು ಬಳಗದಲ್ಲೆಲ್ಲ ಬೇಕಾದವಳಾದಳು. ಕಾಲುವೆಯ ನೀರು ಪಡೆಯಲಾದರೂ ಒಂದು ಸರದಿ ಇರುತ್ತದೆ, ನಮ್ಮವ್ವನನ್ನು ಕರೆಯಲು ಅದೂ ಇರಲಿಲ್ಲ.

ಅಂದೇ ನಿರ್ಧಾರ ಮಾಡಿದೆ. ಈ ಚಿತ್ರದ ಹೆಂಗಸು ತೇಲಿದ ಹಾಗೆ ನಮ್ಮವ್ವ ತೇಲಬೇಕು. ನಾನೂ ತೇಲಬೇಕು, ಬೇಕಾದರೆ ಮುಳುಗುತ್ತೇನೆ.

"ಆಣಿ ಐತೆಲ್ಲವಾ," ಎಂದು ಒಮ್ಮೆ ಕೆಣಕಿದೆ.

"ಬಾವಿ ಅಂತ ಆಣಿ ಮಾಡೇನಿ. ಸಮುದ್ರ ಅಂತ ನಿಮ್ಮಜ್ಜಿ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಆ ಚಿತ್ರದಂಥ ಸಮುದ್ರ ಎಲ್ಲಿದೆಯೆಂಬುದೇ ಮೊದಲ ತೊಡಕು. ನಮ್ಮ ಶಾಲೆಯಲ್ಲಿ ಅಂಕೋಲೆಯ ಕಡೆಯ ನಾಯಕ ಮೇಷ್ಟ್ರಿದ್ದರು. ವರ್ಗವಾಗಿ ನಮ್ಮ ಕಡೆ ಬಂದು, ದಿನಾ ರೊಟ್ಟಿ ನೋಡಿ ನಿಟ್ಟುಸಿರಿಡುತ್ತಿದ್ದ ಮನುಷ್ಯ. ಚಿತ್ರ ತೋರಿಸಿದೆ.

"ಇದಕ್ಕೆ ವಿದೇಶಕ್ಕೆ ಹೋಗಬೇಕೆಂದಿಲ್ಲ ಟೀಚರೇ. ಭಟ್ಕಳದ ಎದುರಿಗೆ ಸಮುದ್ರದ ಮಧ್ಯ ನೇತ್ರಾಣಿ ಅಂತ ಗುಡ್ಡ ಉಂಟು. ಅದರ ಬುಡದಲ್ಲಿ ಹವಳ ಉಂಟು ಅಂತ ಮೀನಿನವರು ಹೇಳ್ತಾರೆ. ನಮ್ಮ ಭಾವನ ಗುರುತಿನ ದೋಣಿ ಇದೆ. ಆದರೆ ಸಂಕ್ರಾಂತಿಯ ಒಳಗೆ ಹೋಗಬೇಕು, ಆಮೇಲೆ ಗಾಳಿ ಹೇಗೋ ಏನೋ ಹೇಳಲಿಕ್ಕಾಗುವುದಿಲ್ಲ."

ಊರು ಸಿಕ್ಕಿತು, ದೋಣಿ ಸಿಕ್ಕಿತು. ಇನ್ನು ಕಣ್ಣಿನ ಗಾಜು. ಗಂಗಾವತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ ಖಾಸೀಂಸಾಬರ ಬಳಿ ಹೋದೆ. ನನ್ನ ಸೈಕಲ್ಲಿನ ಆರೋಗ್ಯವೆಲ್ಲ ಅವರ ಕೈಯಲ್ಲೇ ಇತ್ತು.

"ನೀರಾಗ ಮಾರಿ ಇಟ್ಟು ಮೀನ ನೋಡಾಕ ಒಂದು ಕನ್ನಡಕ ಬೇಕಾಗಿತ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಕ್ಕೋರ, ಮೀನ ನೋಡಾಕ ಸಂತಿಗೆ ಹೋದ್ರ ಆಗೂದಿಲ್ಲೇನ್ರಿ?"

"ಸಂತ್ಯಾಗ ಸತ್ತ ಮೀನ ಇರ್ತಾವ್ರಿ. ನಮಗ ಬದುಕಿದ್ದು ಬೇಕು."

ಅಷ್ಟು ಸಾಕಾಯಿತು ಅವರಿಗೆ. ಲಾರಿ ಟ್ಯೂಬು ಕತ್ತರಿಸಿ, ಒಡೆದ ಫೋಟೋ ಕಟ್ಟಿನ ಗಾಜು ಕೂಡಿಸಿ, ಸೊಲ್ಯೂಷನ್ ಬಳಿದು ಒಂದು ಮಾಡಿದರು. ಪಂಕ್ಚರ್ ನೋಡುವ ಬೋಗುಣಿಯಲ್ಲೇ ಪರೀಕ್ಷೆ. ನಾನು ಮುಖವಿಟ್ಟರೆ ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಗುಳ್ಳಿ ಬರತಾವ, ಎಡಕ ಲೀಕ್ ಐತಿ," ಎಂದು ನನ್ನ ಮುಖವನ್ನೇ ಟ್ಯೂಬಿನ ಹಾಗೆ ತಿರುಗಿಸುತ್ತಿದ್ದರು. ಬಸ್ಸಿಗೆ ಕಾಯುವ ಜನವೆಲ್ಲ ಬಂದು ನಿಂತು ಸಲಹೆ ಕೊಟ್ಟರು. ಮೊದಲನೆಯದು ಸೋರಿತು. ಎರಡನೆಯದು ಮೂಗನ್ನು ಚಪ್ಪಟೆ ಮಾಡಿತು. ಮೂರನೆಯದು ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಮರುದಿನ ನಾನು ಕಣ್ಣ ಸುತ್ತ ಕೆಂಪು ಬಳೆ ಹಾಕಿಕೊಂಡೇ ತರಗತಿಗೆ ಹೋಗಬೇಕಾಯಿತು. ಮಕ್ಕಳು ಅಂದು ಹೆದರಿ ಒಂದು ತಪ್ಪೂ ಇಲ್ಲದೆ ಮಗ್ಗಿ ಒಪ್ಪಿಸಿದವು. ಇನ್ನೊಂದು ಅವ್ವನಿಗೆ ಮಾಡಿಸಿದೆ.

ಉಸಿರಿಗೆ ಪೈಪು. ಕಾರಟಗಿಯ ಗೊಬ್ಬರದಂಗಡಿಯಲ್ಲಿ ಭತ್ತಕ್ಕೆ ಕ್ರಿಮಿನಾಶಕದ ಎಣ್ಣೆ ಹೊಡೆಯುವ ಪಂಪಿನ ಹೊಸ ಪೈಪು ಸಿಕ್ಕಿತು. ಉದ್ದವಾದಷ್ಟೂ ಒಳ್ಳೆಯದೆಂಬ ಬುದ್ಧಿವಂತಿಕೆಯಿಂದ ಮೂರು ಮಾರು ತಂದೆ. ಭಾನುವಾರ ಬೆಳಿಗ್ಗೆ ನಾನೂ ಅವ್ವನೂ ಮರಳಿಯ ಶಾಲೆಯ ಹಿಂದಿನ ಉಪಕಾಲುವೆಗೆ ಹೋದೆವು. ಎಳೆ ಬಿಸಿಲು, ಆಚೆ ಕಡೆ ಗದ್ದೆಯಲ್ಲಿ ಭತ್ತ ಕೊಯ್ಯುವವರು. ನಾನು ಸೊಂಟದ ನೀರಿನಲ್ಲಿ ನಿಂತು, ಕನ್ನಡಕ ಹಾಕಿಕೊಂಡು, ಪೈಪಿನ ಒಂದು ತುದಿ ಬಾಯಿಗಿಟ್ಟು, ಇನ್ನೊಂದು ತುದಿಯನ್ನು ದಂಡೆಯಾಚೆ ಅವ್ವನ ಕೈಗೆ ಕೊಟ್ಟು ಬಗ್ಗಿದೆ. ಅಷ್ಟುದ್ದದ ಪೈಪಿನಲ್ಲಿ ಉಸಿರು ಬರುವುದೇ ಇಲ್ಲವೆಂಬ ವಿಜ್ಞಾನ ನಾನು ಕಲಿಸುತ್ತಿದ್ದ ಐದನೇ ತರಗತಿಯವರೆಗಿನ ಪುಸ್ತಕಗಳಲ್ಲಿ ಇರಲಿಲ್ಲ. ಉಸಿರು ಕಟ್ಟಿ ಒದ್ದಾಡುತ್ತಿರುವಾಗಲೇ ಮೇಲೆ ಗದ್ದಲ ಕೇಳಿತು.

ಕಾಲುವೆ ಕಾಯುವ ಲಸ್ಕರ್ ಸೈಕಲ್ಲು ಬಿಸಾಕಿ ಓಡಿಬಂದಿದ್ದ. ನಮ್ಮ ಕಡೆ ಕಾಲುವೆಯ ಮೇಲೆ ಪೈಪು ಹಾಕಿ, ಬಾಯಿಂದ ಎಳೆದು, ದಂಡೆಯಾಚೆಯ ಹೊಲಕ್ಕೆ ನೀರು ಹಾರಿಸುವುದು ಕಳ್ಳತನದ ಹಳೆಯ ಕಸುಬು. ಅವನು ಕಂಡದ್ದು ಅದನ್ನೇ.

"ಹಾಡಹಗಲ ನೀರ ಕಳವು ಮಾಡ್ತೀರಿ? ಯಾವ ಹೊಲಕ್ಕ ಹಾಕೀರಿ ಪೈಪು?"

ನಾನು ಮುಖವೆತ್ತಿದೆ. ಲಾರಿ ಟ್ಯೂಬಿನ ಮುಖ ನೋಡಿ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಹೊಲ ಇಲ್ಲಪಾ ನಮಗ," ಎಂದಳು ಅವ್ವ. "ಈಜ ಕಲಿಯಾಕ ಬಂದೀವಿ."

"ಹೊಲ ಇಲ್ಲಂದ ಮ್ಯಾಲ ಪೈಪ ಯಾಕ ಬೇಕು?"

ಅವನು ಪೈಪು ಸುತ್ತಿ ಸೈಕಲ್ಲಿಗೆ ಹಾಕಿಕೊಂಡು ಹೋದ. ನಾನು ಒದ್ದೆ ಸೀರೆಯಲ್ಲಿ ದಂಡೆಯ ಮೇಲೆ ಕೂತು ಕೆಂಡವಾದೆ. ನೀವೇ ಹೇಳಿ, ಹೆಂಗಸು ನೀರಿನ ಹತ್ತಿರ ಹೋದರೆ ಕೊಡ ತುಂಬಲು, ಬಟ್ಟೆ ತೊಳೆಯಲು, ಇಲ್ಲವೇ ಸಾಯಲು, ಅದೂ ಅಲ್ಲವೆಂದರೆ ಕದಿಯಲು. ಸುಮ್ಮನೆ ಖುಷಿಗೆ ಬಂದಿರಬಹುದು ಎಂಬುದೊಂದು ಯಾರ ತಲೆಗೂ ಯಾಕೆ ಹೊಳೆಯುವುದಿಲ್ಲ? ಅವ್ವನಿಗೆ ಮಾತ್ರ ನಗು. ಸೊಸೆಯಾಗಿ ಬಾವಿಗೆ ಹಾರಿದಾಗ ನಕ್ಕದ್ದು ಹೀಗೇ ಇರಬೇಕು.

ಪೈಪು ಹೋದರೂ ನಾವು ಬಿಡಲಿಲ್ಲ. ಖಾಸೀಂಸಾಬರು ತಮ್ಮಲ್ಲಿದ್ದ ಇನ್ನೊಂದು ಪೈಪಿನಿಂದ ಮೊಳಕ್ಕಿಂತ ಗಿಡ್ಡವಾದ ಎರಡು ತುಂಡು ಕತ್ತರಿಸಿಕೊಟ್ಟರು. ಅವುಗಳಲ್ಲಿ ಉಸಿರಾಡಿತು. ಮುಂದಿನ ಭಾನುವಾರಗಳಲ್ಲಿ ಸಾಣಾಪುರದ ಕೆರೆಯ ಅಂಚಿಗೆ ಹೋಗಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ನಾನು ಕೈಕಾಲು ಬಡಿದೆ. ಅವ್ವ ದಡದಲ್ಲಿ ಬಂಡೆಯ ಮೇಲೆ ಕೂತು, "ನೀರ ಹೊಡೀಬ್ಯಾಡ, ನೀರೇನು ನಿನ್ನ ಸಾಲಿ ಹುಡುಗನ?" ಎಂದು ಗದರುತ್ತಿದ್ದಳು. ತಾನು ಮಾತ್ರ ಇಳಿಯುತ್ತಿರಲಿಲ್ಲ. ಇಳಿಯುವುದಾದರೆ ಸಮುದ್ರಕ್ಕೇ ಎಂದು ಹಟ.

ಲಸ್ಕರನ ಸುದ್ದಿ, ಜೊತೆಗೆ ನಾವು ಸಂಕ್ರಾಂತಿಗೆ ಮುಂಚಿನ ವಾರ ಸಮುದ್ರಕ್ಕೆ ಹೊರಡುವ ಸುದ್ದಿ, ಅಷ್ಟರೊಳಗೆ ಕೊಪ್ಪಳ ಮುಟ್ಟಿತ್ತು. ಅಣ್ಣ ಬಂದ. ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಯಿತು.

"ಆ ವಾರ ನಾವು ತೀರ್ಥಯಾತ್ರಿಗೆ ಹೊಂಟೀವಿ. ಹುಡುಗರನ್ನ ನೋಡಾಕ ಅವ್ವ ಬರಬೇಕು. ತಿಂಗಳ ಹಿಂದ ಹೇಳಿದ್ದೆ."

"ಹೇಳಿದ್ದಿ, ಕೇಳಿರಲಿಲ್ಲ," ಎಂದೆ ನಾನು.

"ನೀ ಸುಮ್ಮನಿರು. ನಿನ್ನ ನೋಡಾಕ ಬರೋ ಗಂಡಿನವರು ಏನ ಕೇಳ್ಯಾರು? ಹುಡುಗಿ ಏನ ಮಾಡತಾಳ ಅಂದ್ರ, ಟ್ಯೂಬ ಹಾಕ್ಕೊಂಡ ಕಾಲುವ್ಯಾಗ ಬೀಳತಾಳ ಅನ್ನೂದಾ?"

"ಹಂಗ ಹೇಳು. ಅದಕ್ಕೂ ಹೂಂ ಅನ್ನಾಂವ ಇದ್ರ ಬರಲಿ."

ಅವನು ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದ. ದನಿ ಸ್ವಲ್ಪ ಇಳಿಯಿತು. ಅಣ್ಣ ಕೆಟ್ಟವನಲ್ಲ. ಲೋಕಕ್ಕೆ ಹೆದರುವವನು ಅಷ್ಟೇ, ಮತ್ತು ಆ ಹೆದರಿಕೆಯನ್ನು ನಮಗೂ ಹಂಚಬೇಕೆಂದುಕೊಂಡವನು.

"ಯವ್ವಾ, ನಿನ್ನ ವಯಸ್ಸೇನು? ಗಂಡ ಇಲ್ಲದಾಕಿ ಸಮುದ್ರದಾಗ ಬಿದ್ದು ಹೊಳ್ಳಾಡಿದ್ಲು ಅಂದ್ರ ನಾಕು ಮಂದ್ಯಾಗ ನಾ ಹೆಂಗ ಮಾರಿ ತೋರಿಸ್ಲಿ?"

ಅವ್ವ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಿನ್ನ ಮಾರಿ ನೀ ತೋರಿಸ್ಕೊ. ನನ್ನ ಮಾರಿ ನಾ ನೀರಾಗ ಇಡತೀನಿ."

"ಹುಡುಗರು?"

"ಹುಡುಗರನ್ನ ನಿಮ್ಮ ಅತ್ತಿ ನೋಡತಾಳ. ಇಲ್ಲಾ ದೇವರ ನೋಡತಾನ, ನೀ ಹೊಂಟಿದ್ದು ಅವನ ಕಡೆಗೇ ಅಲ್ಲ?"

ಅಣ್ಣ ಚಹಾ ಕುಡಿಯದೆ ಹೋದ. ಆಮೇಲೆ ಎಷ್ಟೋ ತಿಂಗಳು ನಮ್ಮ ಮನೆಗೆ ಬರಲಿಲ್ಲ. ಅವನು ಹೋದ ಮೇಲೆ ಅವ್ವ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸತೊಡಗಿದಳು. ಅವಳ ಕಣ್ಣಲ್ಲಿ ನೀರಿತ್ತು. ಮಗನಿಗೆ ಒಲ್ಲೆ ಎಂದದ್ದು ಅದೇ ಮೊದಲು. ಹೋಗುವುದು ಬೇಡ ಎನ್ನುತ್ತಾಳೇನೋ ಎಂದು ನನಗೆ ಜೀವ ಹಾರಿತು. ಸಂಜೆ ನೋಡಿದರೆ ಅವಳು ಜೋಳದ ರೊಟ್ಟಿಗಳನ್ನು ಕಟಕಟಿಯಾಗಿ ಕಾಯಿಸಿ ಬುತ್ತಿ ಕಟ್ಟುತ್ತಿದ್ದಳು.

ಕೊಪ್ಪಳಕ್ಕೆ ಬಸ್ಸು, ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಘಟ್ಟ ಇಳಿಯುವ ಬಸ್ಸು. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಲಾರಿ ಟ್ಯೂಬಿನ ಕನ್ನಡಕ, ಪೈಪು. ಸೋರೆಬುರುಡೆಯನ್ನು ಅವ್ವ ತೊಡೆಯ ಮೇಲೆ ಕೂಸಿನಂತೆ ಹಿಡಿದು ಕೂತಿದ್ದಳು. ಬುರುಡೆಯನ್ನು ತಂಬೂರಿಯೆಂದುಕೊಂಡು ಪಕ್ಕದವರು ಯಾವ ಊರಿನ ಭಜನೆ ಮೇಳ ಎಂದು ಕೇಳಿದರು. ಹೌದೆಂದೆವು.

ಭಟ್ಕಳದ ದೋಣಿಯವನು ನಮ್ಮ ಕನ್ನಡಕ ನೋಡಿ ನಗಲಿಲ್ಲ, ಅದಕ್ಕೇ ಅವನ ಮೇಲೆ ನನಗೆ ಗೌರವ ಬಂತು. ಬೆಳಿಗ್ಗೆ ಹೊರಟೆವು. ನಾನು ದಾರಿಯುದ್ದಕ್ಕೂ ವಾಂತಿ ಮಾಡಿದೆ, ಅವ್ವ ದೋಣಿಯ ಮೂತಿಯಲ್ಲಿ ಕೂತು ರೊಟ್ಟಿ ತಿಂದಳು. ಗುಡ್ಡದ ನೆರಳಿನಲ್ಲಿ ದೋಣಿ ನಿಂತಿತು. ನೀರು ನಿಜವಾಗಿಯೂ ತಿಳಿಯಾಗಿತ್ತು, ಆದರೆ ತಳ ಕಾಣುತ್ತಿದೆಯೆಂದರೆ ಎಷ್ಟು ಆಳ ಎಂದೂ ಕಾಣುತ್ತದೆ. ಇಷ್ಟೆಲ್ಲ ಹಾರಾಡಿ, ಜಗಳವಾಡಿ, ಊರು ದಾಟಿ ಬಂದವಳು ನಾನು, ಈಗ ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತೆ.

ಅವ್ವ ಎದ್ದಳು. ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು. ಕನ್ನಡಕ ಹಾಕಿಕೊಂಡಳು, ಪೈಪನ್ನು ಸೊಂಟಕ್ಕೆ ಸಿಕ್ಕಿಸಿದಳು. ಸೋರೆಬುರುಡೆ ಕೊಡಹೋದರೆ, "ಅದು ನಿನಗ," ಎಂದಳು. ದೋಣಿಯವನು ಕೈ ಹಿಡಿದು ಇಳಿಸಲು ಬಂದ. ಅವನು ಮುಟ್ಟುವ ಮೊದಲೇ ಧಡಕ್ಕನೆ ಹಾರಿದಳು.

ಆ ಊರಿನ ಜನ ಬಾವಿಯತ್ತ ಹೇಗೆ ಓಡಿದ್ದರೆಂಬುದು ನನಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ಆಮೇಲೆ ಅವಳ ಬೆಳ್ಳಗಿನ ತುರುಬು ಮೇಲೆ ಬಂತು. ಉಪ್ಪು ನೀರು ಉಗುಳಿ, ಪೈಪು ಬಾಯಿಗಿಟ್ಟು, ಮುಖ ಕೆಳಗೆ ಮಾಡಿ ಮಲಗಿದಳು. ಕೈಕಾಲು ಬಡಿಯಲಿಲ್ಲ. ಅಷ್ಟು ವರ್ಷ ಬಿಟ್ಟಿದ್ದ ಈಜು ಅವಳ ಮೈಯಲ್ಲೇ ಕಾದು ಕೂತಿತ್ತು.

ನಾನೂ ಇಳಿದೆ, ಬುರುಡೆ ಕಟ್ಟಿಕೊಂಡೇ. ಮುಖ ಕೆಳಗೆ ಮಾಡಿದರೆ ಬೆನ್ನಿನ ಮೇಲಿನ ಬುರುಡೆಯಿಂದ ಏನೂ ಉಪಯೋಗವಿಲ್ಲ, ಅದು ಸುಮ್ಮನೆ ಸವಾರಿ ಮಾಡುತ್ತದೆ ಎಂದು ಅಲ್ಲಿ ತಿಳಿಯಿತು. ನನ್ನನ್ನು ಎತ್ತಿ ಹಿಡಿದದ್ದು ಉಪ್ಪು. ಕೆಳಗೆ ನೋಡಿದೆ. ಬೆಲ್ಲದ ಕಾಗದ ಸುಳ್ಳು ಹೇಳಿತ್ತು. ಕೆಂಪಿಲ್ಲ, ನೇರಳೆಯಿಲ್ಲ. ಕಂದು, ಹಸಿರು, ಬೂದಿ ಬಣ್ಣದ ಗಡ್ಡೆಗಳು, ಕೆಲವು ನಮ್ಮ ಎರೆಹೊಲದ ಹೆಂಟೆಯ ಹಾಗೆ. ಆದರೆ ಅವುಗಳ ನಡುವೆ ಹಳದಿ ಕಪ್ಪು ಪಟ್ಟೆಯ ಮೀನುಗಳು ಬಂದವು, ನನ್ನ ಗಾಜಿನ ಮುಂದೆಯೇ ಬಂದು ನಿಂತು ನೋಡಿದವು. ಯಾಕೆ ಬಂದೆ ಎಂದು ಅವು ಕೇಳಲಿಲ್ಲ. ನಾನು ಪೈಪಿನೊಳಗೇ ಅತ್ತೆ. ಪೈಪಿನಲ್ಲಿ ಅಳುವುದು ಬಹಳ ಕಷ್ಟ, ಕನ್ನಡಕದ ತುಂಬ ನೀರು ನಿಂತು ದೋಣಿಗೆ ಮರಳಬೇಕಾಯಿತು.

ದೋಣಿಯವನು ಆಕಾಶ ನೋಡಿ ಲಂಗರು ಎತ್ತಿದ. "ಹೊತ್ತಾಯ್ತು. ಅಮ್ಮನ್ನ ಕರೀರಿ. ಇನ್ನು ಸ್ವಲ್ಪ ಹೊತ್ತಿಗೆ ಗಾಳಿ ಏಳ್ತದೆ."

"ಅವ್ವಾ!" ಎಂದು ಕೂಗಿದೆ. ಅವಳು ಅಲ್ಲೇ ಗುಡ್ಡದ ಹತ್ತಿರ ತೇಲುತ್ತಿದ್ದಳು. "ಅವ್ವಾ, ಬಾ! ಹೊತ್ತಾತಂತ!"

ಮೂರನೆಯ ಕೂಗಿಗೆ ಮುಖವೆತ್ತಿದಳು. ಪೈಪು ತೆಗೆದಳು. ಸಿಟ್ಟಿನಲ್ಲಿ ಹೇಳಲಿಲ್ಲ, ಬಹಳ ಸಮಾಧಾನದಿಂದ ಹೇಳಿದಳು.

"ಹುಟ್ಟಿದಾಗಿಂದ ಯಾರ್ಯಾರು ಕರದ್ರೋ ಅವರ ಕಡೆಗೆಲ್ಲ ಹೋಗೀನಿ. ಇವತ್ತ ಬರೂದಿಲ್ಲ ಅಂತ ಹೇಳು ಅಂವಗ."

ಮತ್ತೆ ಮುಖ ಕೆಳಗೆ ಮಾಡಿದಳು.

ಅವ್ವನ ಪರವಾಗಿ ನಾನು ಯಾರ್ಯಾರಿಗೋ ಎಷ್ಟೋ ಉತ್ತರ ಕೊಟ್ಟಿದ್ದೇನೆ. ಈಗ ಬರುತ್ತಾಳೆ, ಕೈಕೆಲಸ ಮುಗಿಸಿ ಬರುತ್ತಾಳೆ, ನಾಳೆ ಖಂಡಿತ ಬರುತ್ತಾಳೆ. ಆ ದಿನ ದೋಣಿಯವನ ಕಡೆ ತಿರುಗಿ, ಬುರುಡೆ ಬಿಚ್ಚುತ್ತಾ, "ಬರೂದಿಲ್ಲಂತ್ರಿ," ಎಂದೆ. ಅವನು ನಮ್ಮಿಬ್ಬರನ್ನೂ ನೋಡಿ, ಲಂಗರನ್ನು ಮತ್ತೆ ನೀರಿಗೆ ಬಿಟ್ಟ.